ಪಂದ್ಯಶ್ರೇಷ್ಠ ಮರ್ಡೋ

ಎಂಬತ್ತೆಂಟನೆಯ ನಿಮಿಷದಲ್ಲಿ ಫುಟ್‌ಬಾಲ್ ಮೈದಾನದ ಧ್ವನಿವರ್ಧಕ ಕೆಮ್ಮಿತು. "ಪ್ರಾಯೋಜಕರಾದ ಗಿಲ್‌ಕ್ರಿಸ್ಟ್ ಬೇಕರಿಯವರು ಆರಿಸಿದ ಇಂದಿನ ಪಂದ್ಯಶ್ರೇಷ್ಠ, ನಂಬರ್ ಐದು, ಮರ್ಡೋ ಪೆಟಿಗ್ರೂ." ಮರ್ಡೋ ತಲೆಯೆತ್ತಿ ಜನರ ಕಡೆ ನೋಡಿದ. ಹದಿನಾಲ್ಕು ವರ್ಷಗಳಲ್ಲಿ ಆ ಧ್ವನಿವರ್ಧಕ ಅವನ ಹೆಸರನ್ನು ಮೆಚ್ಚಿ ಕೂಗಿದ್ದು ಇದೇ ಮೊದಲು; ಹಿಂದೊಮ್ಮೆ ಕೂಗಿದ್ದು, ಅವನ ಕಾರು ಆಂಬುಲೆನ್ಸಿಗೆ ಅಡ್ಡ ನಿಂತಿದೆ ಎಂದು. ಚಪ್ಪಾಳೆ ಬಿತ್ತು. ಕೈ ಎತ್ತಲೋ ಬೇಡವೋ ಎಂದು ಅವನು ಯೋಚಿಸುತ್ತಿರುವಾಗಲೇ ಚೆಂಡು ಹಾರಿಬಂದು ಅವನ ಹಣೆಗೆ ಬಡಿದು, ಗೋಲ್‌ಕೀಪರ್ ಗ್ರೆಗರ್‌ನನ್ನು ದಾಟಿ, ಅವನ ತಂಡದ್ದೇ ಬಲೆಯೊಳಗೆ ಹೋಗಿ ಬಿತ್ತು.

"ಭೇಷ್ ಕಣಯ್ಯಾ," ಎಂದ ಗ್ರೆಗರ್, ನೆಲದಲ್ಲೇ ಕೂತು. "ಎದುರಿನ ಬಲೆಗೆ ಒಂದ್ಸಲಾನೂ ಇಷ್ಟು ಚೆನ್ನಾಗಿ ಹೊಡೀಲಿಲ್ವಲ್ಲ ನೀನು."

"ಆ ಬಲೆ ಎಲ್ಲಿದೆ ಅಂತಾನೇ ನಂಗೊತ್ತಿಲ್ಲ. ಅಷ್ಟು ದೂರ ನಾನ್ಯಾವತ್ತು ಹೋಗಿದೀನಿ?"

ಗೆಲ್ಲಬೇಕಾದ ಪಂದ್ಯ ಒಂದು-ಒಂದಕ್ಕೆ ನಿಂತಿತು. ಅದು ಮರ್ಡೋನ ಕೊನೆಯ ಪಂದ್ಯ. ಆರಕ್ಕೇರದೆ ಮೂರಕ್ಕಿಳಿಯದೆ, ಒಂದೇ ತಂಡದ ಹಿಂಬದಿಯಲ್ಲಿ ನಿಂತು ಅವನು ಮೂವತ್ತೈದು ಮುಟ್ಟಿದ್ದ. ಪತ್ರಿಕೆಯವರು ಅವನನ್ನು 'ಪ್ರಾಮಾಣಿಕ ಆಟಗಾರ' ಎನ್ನುತ್ತಿದ್ದರು. ಕಾಲು ಓಡದವನಿಗೆ ಸ್ಕಾಟ್ಲೆಂಡಿನಲ್ಲಿ ಕೊಡುವ ಬಿರುದು ಅದು. ಒಂದು ಮಧ್ಯಾಹ್ನವಾದರೂ ಚೆನ್ನಾಗಿ ಆಡಿ ಹೊರಡಬೇಕೆಂಬುದು ಅವನ ಆಸೆ. ಪಂದ್ಯ ಮುಗಿದ ಮೇಲೆ ಹೆಸರು ಕೂಗಿದರೆ ಕೇಳಲು ಯಾರೂ ಇರುವುದಿಲ್ಲ, ಎಲ್ಲರೂ ಬಸ್ಸಿಗೆ ಓಡಿರುತ್ತಾರೆ ಎಂದು ಕ್ಲಬ್ಬಿನವರು ಮೊದಲೇ ಕೂಗಿಬಿಡುವ ರೂಢಿ ಇಟ್ಟುಕೊಂಡಿರದಿದ್ದರೆ ಆ ಆಸೆ ತೀರಿಯೂ ಇರುತ್ತಿತ್ತು.

ಕ್ಲಬ್ಬಿನ ಮಹಡಿಯ ಕೋಣೆಯಲ್ಲಿ ಬೇಕರಿಯ ಒಡತಿ ಎಫಿ ಗಿಲ್‌ಕ್ರಿಸ್ಟ್ ಬಹುಮಾನದ ವಿಸ್ಕಿ ಬಾಟಲಿ ಹಿಡಿದು ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಪಕ್ಕದಲ್ಲಿ ಪತ್ರಿಕೆಯ ಫೋಟೋದವನು. ಒದ್ದೆ ತಲೆಯ ಮರ್ಡೋ ಬಾಗಿಲಲ್ಲೇ ನಿಂತ.

"ಇದು ಬೇಡ ಅಮ್ಮಾ. ಗ್ರೆಗರ್‌ಗೆ ಕೊಡಿ. ಎದುರಿನವರು ಹೊಡೆದಿದ್ದನ್ನೆಲ್ಲಾ ತಡೆದ. ನಾನು ಹೊಡೆದಿದ್ದೊಂದು ಕೈತಪ್ತು, ಅಷ್ಟೇ."

"ಹಿಡ್ಕೊಳೋ ಸುಮ್ನೆ. ಕೈ ನೋಯ್ತಿದೆ ನಂಗೆ."

"ಊರೆಲ್ಲಾ ನಗುತ್ತೆ."

"ನಗ್ಲಿ ಬಿಡು. ಹದಿನಾಲ್ಕು ವರ್ಷ ಚಳೀಲಿ ನಿಂತು ನಿನ್ನ ನೋಡಿದಾರೆ. ಅಷ್ಟೂ ಬೇಡ್ವಾ ಅವ್ರಿಗೆ?"

ಮರ್ಡೋಗೂ ನಗು ಬಂತು. "ಅಮ್ಮಾ, ಆ ಗೋಲಿಗೆ ಮುಂಚೆ ಒಂದು ತಪ್ಪೂ ಮಾಡಿರ್ಲಿಲ್ಲ ನಾನು. ನನ್ನ ಜನ್ಮದಲ್ಲಿ ಹಾಗೆ ಆಡಿರ್ಲಿಲ್ಲ. ನೀವದನ್ನ ನೋಡಿ ನನ್ನ ಹೆಸರು ಬರೆದ್ರಲ್ಲ, ಅದೇ ಸಾಕು ನಂಗೆ. ಬಾಟ್ಲಿ ಬೇಡ."

ಎಫಿ ಬಾಟಲಿಯನ್ನು ಅವನ ಎದೆಗೆ ಒತ್ತಿ, ಫೋಟೋಗೆಂದು ಅವನ ಕೂದಲನ್ನು ಕೈಯಿಂದಲೇ ಸರಿಮಾಡಿದಳು.

"ನಾನೆಲ್ಲಿ ನೋಡ್ದೆ ಮಗಾ? ಪಂದ್ಯ ಮುಗಿಯೋವರ್ಗೂ ಕೆಳಗೆ ಮಾರೋಕೆ ಮಾಂಸದ ಪೈ ಬಿಸಿ ಮಾಡ್ತಿದ್ದೆ. ನಿನ್ನ ಹೆಸರಿನ ಚೀಟೀನ ಮೈಕಿನವನಿಗೆ ಬೆಳಿಗ್ಗೇನೇ ಕೊಟ್ಟಿದ್ದೆ. ಆಟ ನೋಡಿ ಬರಿಯೋದು ಅಂತ ಕೂತಿದ್ರೆ, ಇಷ್ಟು ವರ್ಷದ ಹಾಗೆ ಇವತ್ತೂ ನಿನ್ನ ಹೆಸರು ಯಾರೂ ಬರೀತಿರ್ಲಿಲ್ವಲ್ಲೋ."