ಫೆಲ್ಡ್ನರ್ ಮೇಷ್ಟ್ರ ಏಟು

ಗೆರ್ಹಾರ್ಟ್ ತನ್ನ ತರಗತಿಯ ಯಹೂದಿ ಹುಡುಗಿ ಮಾಲ್ಕಳ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳನ್ನು ಬೆಂಚಿನಿಂದ ಕೆಳಗೆಳೆದಾಗ ಪ್ರೊಫೆಸರ್ ಫೆಲ್ಡ್ನರ್ ಕರಿಹಲಗೆಯ ಮುಂದೆ ನಿಂತಿದ್ದರು. ವಿಯೆನ್ನಾ ವಿಶ್ವವಿದ್ಯಾಲಯದ ಆ ಪಾಠದ ಕೋಣೆಗೆ ನಾಜಿ ತೋಳುಪಟ್ಟಿ ಕಟ್ಟಿದ ಹುಡುಗರು ದೊಣ್ಣೆ ಹಿಡಿದು ನುಗ್ಗಿದ್ದರು. "ಯಹೂದಿಗಳು ಆಚೆ!" ಎನ್ನುತ್ತ ಮುಖ ಮೂತಿ ನೋಡದೆ ಬಾರಿಸುತ್ತಿದ್ದರು.

"ನೀವು ಪಕ್ಕಕ್ಕೆ ನಿಂತ್ಕೊಳ್ಳಿ ಸರ್, ನೀವು ನಮ್ಮವ್ರೇ," ಎಂದ ಗೆರ್ಹಾರ್ಟ್, ವಿನಯದಿಂದಲೇ. "ಕಸ ಗುಡಿಸಿಕೊಡ್ತೀವಿ, ಆಮೇಲೆ ಪಾಠ ಮುಂದುವರಿಸಿ." ಅವನು ಅವರ ಅಚ್ಚುಮೆಚ್ಚಿನ ಶಿಷ್ಯ. ಭಾನುವಾರದ ಊಟ ಅವರ ಮನೆಯಲ್ಲೇ.

ಪರಮಾಣುವಿನ ಒಳಗುಟ್ಟನ್ನು ಬರಿಯ ಲೆಕ್ಕದಿಂದಲೇ ಬಿಡಿಸಿದವರೆಂದು ಫೆಲ್ಡ್ನರರಿಗೆ ಯುರೋಪಿನಲ್ಲೆಲ್ಲ ಹೆಸರು. ಆದರೆ ಜಗಳ ಕಂಡಲ್ಲಿ ಅವರು ಜೀವಮಾನವಿಡೀ ಪಕ್ಕಕ್ಕೆ ಸರಿದವರೇ. ತಮಗೆ ವಿದ್ಯೆ ಕಲಿಸಿದ ಯಹೂದಿ ಗುರುವನ್ನು ಕೆಲಸದಿಂದ ಹೊರಹಾಕಿದಾಗಲೂ ತುಟಿಪಿಟಕ್ಕೆನ್ನದೆ ಆ ಗುರುವಿನ ಹುದ್ದೆಗೇ ಬಂದಿದ್ದರು. ಈಗಲೂ ಗೋಡೆಯತ್ತ ಸರಿದರು. ಅಷ್ಟರಲ್ಲಿ ಗೆರ್ಹಾರ್ಟ್ ಬೂಟುಗಾಲಿನಿಂದ ಮಾಲ್ಕಳ ಬಾಯಿಗೆ ಒದ್ದ. ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು.

ಹಲಗೆಗೆ ಒರಗಿಸಿದ್ದ ಉದ್ದನೆಯ ಮರದ ಅಳತೆಪಟ್ಟಿ ತಮ್ಮ ಕೈಗೆ ಯಾವಾಗ ಬಂತೋ ಫೆಲ್ಡ್ನರರಿಗೇ ತಿಳಿಯಲಿಲ್ಲ. ಅದರ ಅಂಚು ಗೆರ್ಹಾರ್ಟನ ಕಿವಿಯನ್ನು ಸೀಳಿತು.

"ಸರ್! ನಾನು ಸರ್, ಗೆರ್ಹಾರ್ಟ್!" ಅವನು ಕಿವಿ ಹಿಡಿದು ಚೀರಿದ.

"ಗೊತ್ತು ಕಣೋ," ಎಂದು ಇನ್ನೊಂದು ಬಾರಿಸಿದರು. ಹೊಡೆಯುವುದು ಇಷ್ಟು ಹಿತವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಗೆರ್ಹಾರ್ಟ್ ಮುಗ್ಗರಿಸಿ ಬಿದ್ದ. ಕೂಗಾಟ ನಿಂತು, ದೊಣ್ಣೆಗಳೆಲ್ಲ ಅವರತ್ತ ತಿರುಗಿದವು.

ಮಾಲ್ಕ ಬೆಂಚು ಹಿಡಿದು ಎದ್ದಳು. ಬಾಯಿಯ ರಕ್ತವನ್ನು ಉಗಿದು ಅವರ ಪಕ್ಕದಲ್ಲಿ ಬಂದು ನಿಂತಳು.

"ಪಟ್ಟಿ ಇಲ್ಲಿ ಕೊಡಿ ಸರ್," ಎಂದಳು. "ಮುಂದಿನ ಏಟು ನಂದು."