ಒಂದು ಪದ ಬಾಕಿ

ನಿಘಂಟಿಗೆ ಪದ ಹುಡುಕಿಕೊಂಡು ಬಂದಿದ್ದ ಮೇಷ್ಟ್ರು ಕೇಳಿದ್ದಕ್ಕೆಲ್ಲ ಹಾಲಮ್ಮ ಭತ್ತ ಕೇರುತ್ತಲೇ ಉತ್ತರ ಕೊಡುತ್ತಿದ್ದಳು.

“ಭತ್ತದ ಮೇಲಿಂದು ಹೊಟ್ಟು, ಅಕ್ಕಿ ಮೇಲಿಂದು ತೌಡು, ಕಡ್ಲೆಕಾಯಿದು ಸಿಪ್ಪೆ.”

“ಹೊಟ್ಟಿದ್ದು, ಒಳಗೆ ಕಾಳೇ ಇಲ್ದಿದ್ರೆ?”

ಮೊರ ನಿಂತಿತು. ಏಳು ವರ್ಷವಾದರೂ ಮಡಿಲು ತುಂಬದ ಸೊಸೆಯನ್ನು ಹಾಲಮ್ಮ ಹೆಸರು ಹಿಡಿದು ಕರೆದವಳಲ್ಲ, ಆ ಪದದಿಂದಲೇ ಕರೆಯುತ್ತಿದ್ದಳು. ಸೊಸೆ ಬಾವಿಗೆ ಬಿದ್ದ ದಿನದಿಂದ ಅದನ್ನು ನಾಲಿಗೆಯ ಮೇಲೆ ತಂದಿರಲಿಲ್ಲ.

“ಅದೊಂದು ಬಿಟ್ಬಿಡಿ ಮೇಷ್ಟ್ರೇ.”

“ಒಂದು ಪದ ಬಿಟ್ರೂ ನಿಘಂಟು ಕುಂಟುತ್ತಮ್ಮಾ. ನಿಮ್ಮ ಬಾಯಿಂದಲೇ ಬರ್ಲಿ.”

ಹಾಲಮ್ಮ ಹಿತ್ತಿಲ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

“ಜೊಳ್ಳು.”

ಚಪ್ಪಡಿ ಮುಚ್ಚಿದ್ದ ಬಾವಿಯ ಒಳಗಿಂದ ದನಿ ಕೇಳಿತು: “ಬಂದೆ ಅತ್ತೆ.”