ಬಣ್ಣದ ಅಡಿಯ ಹೊಗೆ

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಜೋಳದ ರೊಟ್ಟಿಯ ಹಸಿವಾಗುತ್ತದೆ.

ಮಣಿಪಾಲದ ಗುಡ್ಡದ ಮೇಲೆ ಫ್ಲ್ಯಾಟುಗಳು ಏಳುತ್ತಿದ್ದ ಕಾಲ ಅದು; ನಾನಿನ್ನೂ ಚಿಕ್ಕ ಮಗು. ಬಾಗಲಕೋಟೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ನಾವು, ಕಟ್ಟುತ್ತಿದ್ದ ಮನೆಯೊಂದರ ಅಡುಗೆಕೋಣೆಯಲ್ಲೇ ಮೂರು ಕಲ್ಲಿಟ್ಟು ಬೇಯಿಸಿ ಉಣ್ಣುತ್ತಿದ್ದೆವು. ಆ ಮನೆಯ ಕೆಲಸ ಮುಗಿದ ಮೇಲೆ ಕಟ್ಟಡದ ಹಿಂದಿನ ತಗಡಿನ ಶೆಡ್ಡಿಗೆ ಇಳಿದೆವು. ಗೋಡೆಗೆ ಎರಡೆರಡು ಸಲ ಬಣ್ಣ ಬಳಿದರೂ ಅವ್ವನ ಒಲೆಯ ಹೊಗೆ ಹಳದಿ ಕಲೆಯಾಗಿ ಮೇಲೆದ್ದು ಬಂದಿತ್ತು.

ಗೃಹಪ್ರವೇಶದ ದಿನ ಬೆಳ್ಮಣ್ಣು ಊರಿನಿಂದ ಮನೆಯ ಮಾಲೀಕರು ಬಂದರು. ಯಜಮಾನ ಆ ಕಲೆ ನೋಡಿ ಕೂಗಿದ. "ಹಾಲು ಉಕ್ಕಿಸುವ ಮೊದಲೇ ಇಲ್ಲಿ ಒಲೆ ಹೊತ್ತಿಸಿದ್ದು ಯಾರು?"

ನೆಲ ಒರೆಸುತ್ತಿದ್ದ ಅವ್ವ ಸೆರಗು ಬಿಗಿದು ಎದ್ದು ನಿಂತಳು. ಕೆಲಸ ಹೋದರೆ ಶೆಡ್ಡೂ ಹೋಗುತ್ತಿತ್ತು. "ನಾನರೀ. ಗ್ವಾಡಿ ಏಳೂಮುಂದ ಇಲ್ಲೇ ಇದ್ವಿ."

ಯಜಮಾನನ ತಾಯಿ, ಹಲ್ಲಿಲ್ಲದ ಅಜ್ಜಿ, ಕಲೆಯನ್ನು ಬೆರಳಿನಿಂದ ಸವರಿ ನೋಡಿದರು. "ಹಾಲು ಉಕ್ಕಿಸಿದ್ದೀಯಾ ಮಾರಾಯ್ತಿ?"

"ಹಾಲು ಎಲ್ಲೀದ್ರಿ ಅಮ್ಮಾರ, ಚಾಕ್ಕ ಸಾಲ್ತಿದ್ದಿಲ್ಲ."

"ಹಾಗಾದರೆ ಅದು ಬಾಕಿ ಉಂಟಲ್ಲ! ನೀನೇ ಇಡು." ಮಗನ ಕಡೆ ತಿರುಗಿ, "ನೀನು ಎಂತ ಕಣ್ಣು ಬಿಡುವುದು? ಬೆಂಕಿಪೊಟ್ಟಣ ಕೊಡು" ಎಂದರು.

ಅವ್ವ ಕೈ ತೊಳೆದು ಬಂದು ಹಾಲಿಟ್ಟಳು. ಹಾಲು ಪೂರ್ವದ ಕಡೆಗೇ ಉಕ್ಕಿ ಚೆಲ್ಲಿತು. "ಒಳ್ಳೆದಾಯ್ತು, ಮನೆಗೆ ಒಳ್ಳೆದಾಯ್ತು" ಎಂದು ಅಜ್ಜಿ ಕೈ ಮುಗಿದರು.

"ಯಾರ ಮನೀಗೆ ಅವ್ವಾ?" ಎಂದು ನಾನು ಕೇಳಿದೆ.

ಅವ್ವ ಬಿಸಿ ಹಾಲನ್ನು ಊದಿ ಆರಿಸಿ, ಲೋಟವನ್ನು ನನ್ನ ಬಾಯಿಗೆ ಹಿಡಿದಳು.